‘ಬಿಯೋವುಲ್ಫ್’ ಹಾಡಿನಿಂದ ಕ್ಯಾಕ್ಸ್‌ಟನ್‌ನ ಅಚ್ಚುಕೂಟದವರೆಗೆ: ನಡುವೆ ನಡೆದದ್ದೇನು?

ಪ್ರಶ್ನೆ:
ಇಂಗ್ಲಿಷ್ ಸಾಹಿತ್ಯ ಚರಿತ್ರೆಯ ಪಠ್ಯಗಳು ಹಳೆಯ ಇಂಗ್ಲಿಷಿನ ‘ಬಿಯೋವುಲ್ಫ್’ ಮೌಖಿಕ ಪರಂಪರೆಯಿಂದ ಬಂದ ಕಾವ್ಯವೆಂದು ಹೇಳಿ, ಬೇಗನೆ 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ತಂದ ಮುದ್ರಣಕ್ಕೆ ದಾಟಿಬಿಡುತ್ತವೆ. ಹಾಡುತ್ತಿದ್ದ ಕಾವ್ಯ ಬರಹಕ್ಕೆ ಇಳಿದದ್ದು ಹೇಗೆ, ಮುದ್ರಣ ಬಂದೊಡನೆ ಅದೂ ಅಚ್ಚಾಯಿತೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಬರಹಕ್ಕೆ ಇಳಿಸಿದ್ದು ಮುಖ್ಯವಾಗಿ ಕ್ರೈಸ್ತ ಮಠಗಳು. ಬೀಡ್ ಎಂಬ ಸನ್ಯಾಸಿ 731ರಲ್ಲಿ ಮುಗಿಸಿದ ಲ್ಯಾಟಿನ್ ಚರಿತ್ರೆಯಲ್ಲಿ ಕ್ಯಾಡ್ಮನ್ ಎಂಬ ದನಗಾಹಿಯ ಪ್ರಸಂಗವಿದೆ. ಔತಣದಲ್ಲಿ ಹಾರ್ಪ್ ವಾದ್ಯ ಕೈಯಿಂದ ಕೈಗೆ ದಾಟುತ್ತ ತನ್ನ ಬಳಿ ಬರುವಷ್ಟರಲ್ಲಿ, ಹಾಡಲು ಬಾರದ ಆತ ಎದ್ದು ಹೋಗಿಬಿಡುತ್ತಿದ್ದ. ಒಂದು ರಾತ್ರಿ ಕನಸಿನಲ್ಲಿ ಹಾಡು ಒಲಿದ ಮೇಲೆ, ವಿಟ್ಬಿ ಮಠದವರು ಹೇಳಿದ ಬೈಬಲ್ ಕಥೆಗಳನ್ನು ಕೇಳಿ, ಮನಸ್ಸಿನಲ್ಲೇ ಮೆಲುಕು ಹಾಕಿ, ಪದ್ಯವಾಗಿ ಕಟ್ಟುತ್ತಿದ್ದ. ಕಲಿಸಿದವರೇ ಅವನ ಶ್ರೋತೃಗಳಾದರು. ಅವನ ಮೊದಲ ಹಾಡಿನ ಇಂಗ್ಲಿಷ್ ರೂಪ ನಮಗೆ ಉಳಿದಿರುವುದು ಬೀಡ್‌ನ ಕೃತಿಯ ಹಸ್ತಪ್ರತಿಗಳಲ್ಲೇ. ಆ ಪದ್ಯಗಳ ಬಂಧವೂ ಕಿವಿಗಾಗಿಯೇ ಇದೆ: ನಮ್ಮ ಆದಿಪ್ರಾಸದಲ್ಲಿ ಸಾಲುಗಳ ಎರಡನೆಯ ಅಕ್ಷರ ಹೊಂದಿದರೆ, ಅಲ್ಲಿ ಒಂದೇ ಸಾಲಿನೊಳಗೆ ಒತ್ತು ಬೀಳುವ ಪದಗಳ ಮೊದಲ ಧ್ವನಿ ಹೊಂದುತ್ತದೆ.

ಉತ್ತರ 2:
ಎರಡನೆಯ ಪ್ರಶ್ನೆಗೆ ಉತ್ತರ, ಇಲ್ಲ ಎಂದೇ. ‘ಬಿಯೋವುಲ್ಫ್’ ಸುಮಾರು ಕ್ರಿ.ಶ. 1000ದ ಒಂದೇ ಒಂದು ಹಸ್ತಪ್ರತಿಯಲ್ಲಿ ಉಳಿದಿದ್ದು, ಇಡಿಯಾಗಿ ಅಚ್ಚಾದದ್ದು 1815ರಲ್ಲಿ, ಅದೂ ಇಂಗ್ಲೆಂಡಿನಲ್ಲಲ್ಲ, ಕೋಪನ್‌ಹೇಗನ್‌ನಲ್ಲಿ. 1731ರ ಬೆಂಕಿಯಲ್ಲಿ ಸುಟ್ಟ ಅದರ ಅಂಚುಗಳು ಮುಂದೆಯೂ ಉದುರುತ್ತಲೇ ಹೋದವು. ಥೋರ್ಕೆಲಿನ್ ಎಂಬ ವಿದ್ವಾಂಸ 1780ರ ದಶಕದಲ್ಲಿ ಸಿದ್ಧಪಡಿಸಿಕೊಂಡ ನಕಲುಗಳು ಇರದಿದ್ದರೆ, ಆ ಬಳಿಕ ಉದುರಿಹೋದ ಎಷ್ಟೋ ಅಕ್ಷರಗಳನ್ನು ನಾವು ಇಂದು ಓದಲಾಗುತ್ತಿರಲಿಲ್ಲ. ಇಷ್ಟು ದೊಡ್ಡ ಕಾವ್ಯ ಇಷ್ಟು ತೆಳುವಾದ ಎಳೆಯ ಮೇಲೆ ನಿಂತಿತ್ತೆಂಬುದನ್ನು ಪಠ್ಯಗಳು ಒತ್ತಿ ಹೇಳಬೇಕಿತ್ತು.

ಉತ್ತರ 3:
ಮೇಲಿನ ಮಾತಿಗೆ ಒಂದು ಸೇರ್ಪಡೆ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ತೆರೆದ ಕ್ಯಾಕ್ಸ್‌ಟನ್ ಆರಿಸಿಕೊಂಡದ್ದು ತನ್ನ ಕಾಲದವರು ಓದಿ ಅರ್ಥಮಾಡಿಕೊಳ್ಳಬಲ್ಲ, ಕವಿ ಚಾಸರ್‌ನಂಥವರ ಕೃತಿಗಳನ್ನು. ಹಳೆಯ ಇಂಗ್ಲಿಷ್ ಆ ವೇಳೆಗೆ ಜನರಿಗೆ ಅರ್ಥವಾಗುತ್ತಿರಲಿಲ್ಲ. ಆದರೆ ಕೇಳುವ ರೂಢಿ ಅಳಿದಿತ್ತೆಂದು ಭಾವಿಸಬಾರದು. ‘ಕ್ಯಾಂಟರ್ಬರಿ ಕಥೆಗಳು’ ಕೃತಿಯಲ್ಲಿ ಚಾಸರ್ ತಾನೇ, ಈ ಕಥೆಯನ್ನು ಕೇಳಲು ಇಷ್ಟವಿಲ್ಲದವರು ಹಾಳೆ ಮಗುಚಿ ಬೇರೊಂದನ್ನು ಆರಿಸಿಕೊಳ್ಳಲಿ ಎನ್ನುತ್ತಾನೆ. ಕೇಳುಗ ಮತ್ತು ಓದುಗ ಇಬ್ಬರೂ ಆ ಒಂದೇ ಮಾತಿನಲ್ಲಿದ್ದಾರೆ. ಅಚ್ಚಾದ ಮಾತ್ರಕ್ಕೆ ಕೃತಿಯ ಪಾಠ ಸ್ಥಿರವಾಗಲೂ ಇಲ್ಲ: ಕ್ಯಾಕ್ಸ್‌ಟನ್ ಅಚ್ಚು ಹಾಕಿದ ಇದೇ ‘ಕ್ಯಾಂಟರ್ಬರಿ ಕಥೆಗಳು’ ಕೃತಿಯ ಮೊದಲ ಮುದ್ರಣ ಮೂಲಕ್ಕೆ ಹೊಂದುತ್ತಿಲ್ಲವೆಂದು ಓದುಗನೊಬ್ಬ ಆಕ್ಷೇಪಿಸಿ, ತನ್ನ ತಂದೆಯ ಬಳಿಯಿದ್ದ ಹಸ್ತಪ್ರತಿಯನ್ನು ತಂದುಕೊಡಲು ಮುಂದಾದನೆಂದೂ, ಅದನ್ನು ನೋಡಿ ತಿದ್ದಿ 1483ರ ಸುಮಾರಿಗೆ ಮರುಮುದ್ರಿಸಿದೆನೆಂದೂ ಕ್ಯಾಕ್ಸ್‌ಟನ್ ತನ್ನ ಮುನ್ನುಡಿಯಲ್ಲಿ ಬರೆದುಕೊಂಡಿದ್ದಾನೆ.