ಸಹಾಯ ಬೇಕು: ಸ್ಟೀಮ್ ಟ್ರೇಡ್ ಮೋಸ ತಡೆಯುವ ಕನ್ನಡ ಮಾಹಿತಿಗೆ ಸ್ಕ್ರೀನ್‌ಶಾಟ್

ಎಲ್ಲರಿಗೂ ನಮಸ್ಕಾರ. ಸ್ಟೀಮ್ ಎಂಬ ಗೇಮ್ ತಾಣದಲ್ಲಿ ಕೌಂಟರ್-ಸ್ಟ್ರೈಕ್ 2 ಆಡುತ್ತಾ ಆಟದ ವಸ್ತುಗಳನ್ನು ಟ್ರೇಡ್ (ಅದಲುಬದಲು) ಮಾಡುವ ಹುಡುಗರಿಗಾಗಿ ಎಪಿಐ ಕೀ (ಪ್ರೋಗ್ರಾಂಗಳು ನಿಮ್ಮ ಖಾತೆಯ ಟ್ರೇಡ್‌ಗಳನ್ನು ನೋಡಲು ಬಳಸುವ ರಹಸ್ಯ ಸಂಕೇತ) ಮೋಸದ ಬಗ್ಗೆ ಕನ್ನಡದಲ್ಲಿ ಒಂದು ಪುಟದ ಮಾಹಿತಿ ಸಿದ್ಧವಾಗುತ್ತಿದೆ. ಬರಹ ಮುಗಿದಿದೆ, ಚಿತ್ರಗಳಿಲ್ಲ.

ಮೋಸ ನಡೆಯುವುದು ಹೀಗೆ: ‘ನಮ್ಮ ಟೀಮಿಗೆ ವೋಟ್ ಹಾಕಿ’ ಎಂದು ಲಿಂಕ್ ಬರುತ್ತದೆ. ಅಲ್ಲಿನ ನಕಲಿ ಲಾಗಿನ್ ಪುಟದಲ್ಲಿ ಪಾಸ್‌ವರ್ಡ್ ಕೊಟ್ಟರೆ, ಅಥವಾ ಕ್ಯೂಆರ್ ಸ್ಕ್ಯಾನ್ ಮಾಡಿ ಒಪ್ಪಿಗೆ ಕೊಟ್ಟರೆ, ಖಾತೆಯೊಳಗೆ ಕಳ್ಳನೂ ಇರುತ್ತಾನೆ. ಆದರೆ ತಕ್ಷಣ ಏನೂ ಕದಿಯುವುದಿಲ್ಲ. ನೀವು ನಿಜವಾದ ಟ್ರೇಡ್ ಶುರುಮಾಡಿದಾಗ ಅದನ್ನು ರದ್ದು ಮಾಡಿ, ಅದೇ ಹೆಸರು, ಅದೇ ಫೋಟೋ ಇರುವ ಬಾಟ್‌ನಿಂದ (ಪ್ರೋಗ್ರಾಂ ನಡೆಸುವ ಖಾತೆಯಿಂದ) ಇನ್ನೊಂದನ್ನು ಕಳಿಸುತ್ತಾನೆ. ಹೆಸರು, ಫೋಟೋ ಯಾರು ಬೇಕಾದರೂ ನಕಲು ಮಾಡಬಹುದು. ಖಾತೆಯ ಲೆವೆಲ್ ಮತ್ತು ಸೇರಿದ ದಿನಾಂಕವನ್ನು ನಕಲು ಮಾಡುವುದು ಕಷ್ಟ. ಮೊಬೈಲ್‌ನಲ್ಲಿ ಕನ್ಫರ್ಮ್ ಒತ್ತುವ ಮುಂಚೆ ಇವೆರಡನ್ನೂ ನೋಡಲೇಬೇಕು.

ಸಿಕ್ಕಿಬಿದ್ದವರು ಮೊದಲು ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ, ಆಮೇಲೆ ಎಪಿಐ ಕೀ ಅಳಿಸಿ, ಹೊಸ ಟ್ರೇಡ್ ಯುಆರ್‌ಎಲ್ (ಬೇರೆಯವರು ನಿಮಗೆ ಟ್ರೇಡ್ ಕಳಿಸಲು ಬಳಸುವ ಲಿಂಕ್) ಮಾಡಿಕೊಳ್ಳಬೇಕು. ಕೀ ಮಾತ್ರ ಅಳಿಸಿದರೆ ಕಳ್ಳ ಒಳಗೇ ಉಳಿಯುತ್ತಾನೆ. 2025ರ ಜುಲೈಯಿಂದ ಈ ಆಟದ ಟ್ರೇಡ್‌ಗಳನ್ನು 7 ದಿನದೊಳಗೆ ಹಿಂತಿರುಗಿಸಬಹುದು. ಆದರೆ ಆ ಅವಧಿಯ ಎಲ್ಲವೂ ಒಟ್ಟಿಗೇ ವಾಪಸಾಗುತ್ತವೆ, 30 ದಿನ ಟ್ರೇಡಿಂಗ್ ಬಂದ್. ಯುಪಿಐ ಹಣ ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ.

ಬೇಕಾಗಿರುವುದು: ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ಟ್ರೇಡ್ ಕನ್ಫರ್ಮ್ ಪರದೆ, ಲಾಗಿನ್ ಆಗಿರುವ ಸಾಧನಗಳ ಪಟ್ಟಿ, ಮತ್ತು ನಕಲಿ ಲಾಗಿನ್ ಪುಟಗಳ ಚಿತ್ರ. ನಿಮ್ಮ ಹೆಸರು, ಕ್ಯೂಆರ್, ಕೀ ಮಸುಕು ಮಾಡಿ. ನಕಲಿ ಪುಟದ ಲಿಂಕನ್ನು ಮಾತ್ರ ದಯವಿಟ್ಟು ಇಲ್ಲಿ ಹಾಕಬೇಡಿ.