ರಂಗೋಲಿ, ಕಲ್ಲು, ಹುಣಸೆ ಎಲೆ: ನಾವೇ ಮಾಡಿದ ಬ್ರಷ್‌ಗಳನ್ನು ಹಂಚೋದು ಹೇಗೆ?

ಚಿಂತಾಮಣಿಯಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಅಮ್ಮನ ಕೈಲಿ ಬಿಳಿ ಹಾಳೆ ಮೇಲೆ ಕಪ್ಪು ಪೆನ್ನಿನಲ್ಲಿ ಚುಕ್ಕಿ ರಂಗೋಲಿ ಬರೆಸಿ, ಸ್ಕ್ಯಾನ್ ಮಾಡಿ ಫೋಟೋಶಾಪ್ ಬ್ರಷ್ (ಕಂಪ್ಯೂಟರಲ್ಲಿ ಒತ್ತಿದ ಕಡೆಯೆಲ್ಲ ಆ ಚಿತ್ರ ಮೂಡಿಸೋ ಅಚ್ಚು) ಮಾಡಿಕೊಂಡಿದ್ದೀನಿ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಲುಗೋಡೆ ಫೋಟೋದಿಂದ ಒಂದಷ್ಟು ಒರಟು ಟೆಕ್ಸ್ಚರ್, ಹುಣಸೆ ಎಲೆಯದು ಒಂದಷ್ಟು ಇವೆ. ಸಂಕ್ರಾಂತಿ ಬ್ಯಾನರ್ ಕೆಲಸ ಶುರುವಾಗೋದ್ರೊಳಗೆ ನಮ್ಮ ಕಡೆ ಡಿಸೈನರ್‌ಗಳಿಗೆಲ್ಲ ಉಚಿತವಾಗಿ ಕೊಡೋಣ ಅಂತ ಆಸೆ. ಹೇಗೆ ಪ್ಯಾಕ್ ಮಾಡಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ತುಮಕೂರಿನಿಂದ, ಲಗ್ನಪತ್ರಿಕೆ ಡಿಸೈನ್ ಮಾಡುವವರು:
ತುಂಬ ಒಳ್ಳೆ ಕೆಲಸ. ಲಗ್ನಪತ್ರಿಕೆಗೆ ರಂಗೋಲಿ ಬೇಕು ಅಂದ್ರೆ ಎಲ್ಲರೂ ಅದೇ ಹಳೇ ಕ್ಲಿಪ್‌ಆರ್ಟ್ ಹಾಕ್ತಾರೆ, ಮನೆ ಅಂಗಳದ ರಂಗೋಲಿ ಎಲ್ಲೂ ಸಿಗಲ್ಲ.

ಪ್ಯಾಕಿಂಗ್ ಆಮೇಲೆ, ಮೊದಲು ಸ್ಕ್ಯಾನ್ ಶುಚಿ ಮಾಡಿ. ಫೋಟೋಶಾಪ್ ಬ್ರಷ್‌ಗೆ ಬಣ್ಣ ಇರಲ್ಲ. ಕಪ್ಪು ಇದ್ದ ಕಡೆ ಬಣ್ಣ ಹತ್ತುತ್ತೆ, ಅಪ್ಪಟ ಬಿಳಿ ಇದ್ದ ಕಡೆ ಮಾತ್ರ ಏನೂ ಹತ್ತಲ್ಲ. ಹಾಳೆ ಸ್ಕ್ಯಾನ್ ಆದಾಗ ನಮ್ಮ ಕಣ್ಣಿಗೆ ಬಿಳಿ ಅನಿಸಿದ್ದು ನಿಜವಾಗಿ ತೆಳು ಬೂದು. ಅದನ್ನ ಹಾಗೇ ಬ್ರಷ್ ಮಾಡಿ ಗಾಢ ಕೆಂಪಲ್ಲಿ ಒಂದು ಸಲ ಒತ್ತಿ ನೋಡಿ: ರಂಗೋಲಿ ಸುತ್ತ ಮಸುಕಾದ ಒಂದು ಚೌಕ ಕಾಣುತ್ತೆ. ಸ್ಕ್ರೀನಲ್ಲಿ ಗಮನಕ್ಕೆ ಬರದೆ ಹೋದ್ರೂ ಪ್ರಿಂಟಲ್ಲಿ ಎದ್ದು ಕಾಣುತ್ತೆ. ಲೆವೆಲ್ಸ್‌ನಲ್ಲಿ (ಕಪ್ಪು ಬಿಳುಪು ಹೊಂದಿಸೋ ಕಡೆ) ಬಿಳಿ ಕಡೆಯ ಸ್ಲೈಡರನ್ನ ಎಡಕ್ಕೆ ಎಳೆದು ಹಿನ್ನೆಲೆ ಪೂರ್ತಿ ಬಿಳಿ ಮಾಡಿ, ನಾಲ್ಕೂ ಅಂಚಲ್ಲಿ ಸ್ವಲ್ಪ ಜಾಗ ಬಿಟ್ಟು, ಆಮೇಲೆ ಡಿಫೈನ್ ಬ್ರಷ್ ಪ್ರಿಸೆಟ್ ಕೊಡಿ.

ಅಳತೆ ದೊಡ್ಡದಿರಲಿ. ಫೋಟೋಶಾಪ್ ಸಿಎಸ್6 ಆವೃತ್ತಿಯಿಂದ ಈಚೆಗೆ 5000 ಪಿಕ್ಸೆಲ್‌ವರೆಗೂ ಬ್ರಷ್ ಮಾಡಬಹುದು, ಅದಕ್ಕಿಂತ ಹಳೇದ್ರಲ್ಲಿ ಮಿತಿ 2500. ನಮ್ಮ ಊರಿನ ಅಂಗಡಿಗಳಲ್ಲಿ ಹಳೇ ಆವೃತ್ತಿಗಳು ಇನ್ನೂ ಓಡ್ತಾ ಇರೋದ್ರಿಂದ ನಾನಾದ್ರೆ 2500 ಒಳಗೇ ಇಡ್ತೀನಿ.

ಬಾರ್ಡರ್ ರಂಗೋಲಿ ಇದ್ರೆ ಸ್ಪೇಸಿಂಗ್ (ಒಂದು ಅಚ್ಚಿಗೂ ಮುಂದಿನದಕ್ಕೂ ಇರೋ ಅಂತರ) ಸುಮಾರು 100 ಪರ್ಸೆಂಟ್ ಇಡಿ, ಒಂದರ ಪಕ್ಕ ಒಂದು ಕೂರುತ್ತೆ. ಶೇಪ್ ಡೈನಾಮಿಕ್ಸ್‌ನಲ್ಲಿ (ಎಳೆದಂಗೆ ಅಚ್ಚಿನ ಅಳತೆ, ಕೋನ ಬದಲಾಗೋ ಸೆಟ್ಟಿಂಗ್) ಆ್ಯಂಗಲ್ ಕಂಟ್ರೋಲನ್ನ ಡೈರೆಕ್ಷನ್‌ಗೆ ಹಾಕಿದ್ರೆ ಗೆರೆ ತಿರುಗಿದಂಗೆ ಬಾರ್ಡರ್ ಕೂಡ ತಿರುಗುತ್ತೆ. ಇಷ್ಟೆಲ್ಲ ಹೊಂದಿಸಿದ ಮೇಲೆ ಅದನ್ನ ಮತ್ತೆ ಹೊಸ ಪ್ರಿಸೆಟ್ ಆಗಿ ಉಳಿಸಲೇಬೇಕು. ಇಲ್ಲದಿದ್ರೆ ಎಬಿಆರ್ ಫೈಲಿಗೆ (ಫೋಟೋಶಾಪ್ ಬ್ರಷ್‌ಗಳನ್ನ ಹಂಚೋ ಫೈಲು) ಹಳೇ ಸೆಟ್ಟಿಂಗೇ ಹೋಗುತ್ತೆ, ತಗೊಂಡವರಿಗೆ ಒಂದರ ಮೇಲೊಂದು ಬಿದ್ದ ಕಪ್ಪು ಪಟ್ಟಿ ಸಿಗುತ್ತೆ.

ಗೌರಿಬಿದನೂರಿನಿಂದ, ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುವವರು:
ಮೇಲಿನವರು ಹೇಳಿದ್ದು ಸರಿ, ಆದರೆ ಎಬಿಆರ್ ಒಂದನ್ನೇ ಕೊಡಬೇಡಿ ಅಂತ ಕೈಮುಗಿದು ಕೇಳ್ತೀನಿ. ನಮ್ಮ ಮಕ್ಕಳ ಹತ್ರ ಇರೋದು ಜಿಂಪ್ (GIMP) ಮತ್ತು ಕೃತಾ (Krita) ಅನ್ನೋ ಉಚಿತ ಚಿತ್ರ ಸಾಫ್ಟ್‌ವೇರ್‌ಗಳು. ಎರಡೂ ಎಬಿಆರ್ ತೆರೆಯುತ್ತವೆ, ಆದ್ರೆ ಬರೋದು ಬ್ರಷ್ ತುದಿಯ ಚಿತ್ರ. ನೀವು ಕಷ್ಟಪಟ್ಟು ಹೊಂದಿಸಿದ ಡೈನಾಮಿಕ್ಸ್ ಅದರ ಜೊತೆ ಬರಲ್ಲ.

ಜಿಂಪ್‌ಗೆ ಮಾಡೋದು ಕಷ್ಟವೇನಲ್ಲ. ಚಿತ್ರವನ್ನ ಗ್ರೇಸ್ಕೇಲ್ (ಬರೀ ಕಪ್ಪು ಬಿಳುಪು) ಮಾಡಿ, ಫ್ಲಾಟನ್ ಮಾಡಿ (ಲೇಯರೆಲ್ಲ ಒಂದಾಗಿಸಿ), ಜಿಂಪ್‌ನ ಬ್ರಷ್ ಫೈಲಾದ ಜಿಬಿಆರ್ ಆಗಿ ಎಕ್ಸ್‌ಪೋರ್ಟ್ ಕೊಡಿ. ಆಗ ಅದು ನಾವು ಆರಿಸಿದ ಬಣ್ಣದಲ್ಲೇ ಬರೆಯುತ್ತೆ. ಸ್ಪೇಸಿಂಗ್ ಎಷ್ಟು ಅಂತ ಎಕ್ಸ್‌ಪೋರ್ಟ್ ಮಾಡೋವಾಗಲೇ ಕೇಳುತ್ತೆ, ಅದು ಫೈಲೊಳಗೇ ಉಳಿಯುತ್ತೆ. ಬಾರ್ಡರ್ ತಿರುಗಿಸೋಕೆ ಬಳಸುವವರು ಡೈನಾಮಿಕ್ಸ್‌ನಲ್ಲಿ ಟ್ರ್ಯಾಕ್ ಡೈರೆಕ್ಷನ್ ಆರಿಸಬೇಕು ಅಂತ ಒಂದು ಸಾಲು ಬರೆದಿಡಿ.

ಹುಣಸೆ ಎಲೆಗಂತೂ ಜಿಐಎಚ್ ಮಾಡಿ, ಅಂದ್ರೆ ಹಲವು ಚಿತ್ರ ಇರೋ ಜಿಂಪ್ ಬ್ರಷ್. ನಾಲ್ಕೈದು ಬೇರೆ ಬೇರೆ ಎಲೆ, ಒಂದೊಂದು ಒಂದೊಂದು ಲೇಯರಲ್ಲಿ. ಎಕ್ಸ್‌ಪೋರ್ಟ್ ಮಾಡೋವಾಗ ರ‍್ಯಾಂಡಮ್ ಅಂತ ಕೊಟ್ರೆ ಎಳೆದ ಕಡೆಯೆಲ್ಲ ಬೇರೆ ಬೇರೆ ಎಲೆ ಉದುರುತ್ತೆ. ಒಂದೇ ಎಲೆ ಸಾಲಾಗಿ ಬಿದ್ರೆ ರಬ್ಬರ್ ಸ್ಟಾಂಪ್ ಒತ್ತಿದಂಗೆ ಇರುತ್ತೆ, ಮರ ಅನಿಸಲ್ಲ. ಎಲೆಗೆ ಅದರದ್ದೇ ಹಸಿರು ಇರಲಿ ಅಂದ್ರೆ ಗ್ರೇಸ್ಕೇಲ್ ಮಾಡದೆ, ಹಿನ್ನೆಲೆ ಪಾರದರ್ಶಕವಾಗಿಟ್ಟು ಆರ್‌ಜಿಬಿಯಲ್ಲೇ (ಬಣ್ಣದಲ್ಲೇ) ಉಳಿಸಿ.

ಕೃತಾಗೆ ಬಂಡಲ್ ಅಂತ ಒಂದೇ ಫೈಲು ಮಾಡಬಹುದು. ಮಾಡಿದವರ ಹೆಸರು, ವಿವರಣೆ, ಲೈಸೆನ್ಸ್ ಬರೆಯೋಕೆ ಅದರಲ್ಲೇ ಜಾಗ ಇದೆ. ಪ್ರಿಸೆಟ್ ಜೊತೆ ಅದು ಬಳಸುವ ತುದಿಯ ಚಿತ್ರವೂ ಬಂಡಲ್ ಒಳಗೆ ಸೇರಿದೆಯಾ ಅಂತ ಬೇರೆ ಕಂಪ್ಯೂಟರಲ್ಲಿ ಹಾಕಿ ನೋಡಿ.

ಇದೆಲ್ಲ ಮಾಡೋಕೆ ಹೊತ್ತಿಲ್ಲ ಅಂದ್ರೆ, ಶುಚಿ ಮಾಡಿದ ಪಿಎನ್‌ಜಿಗಳನ್ನ ಒಂದು ಫೋಲ್ಡರಲ್ಲಿ ಹಾಕಿ ಕೊಡಿ ಸಾಕು. ಅದರಿಂದ ಯಾರು ಬೇಕಾದ್ರೂ ಅವರವರ ಸಾಫ್ಟ್‌ವೇರ್‌ಗೆ ಬ್ರಷ್ ಮಾಡ್ಕೋಬಹುದು.

ಕೋಲಾರದಿಂದ, ಫ್ಲೆಕ್ಸ್ ಅಂಗಡಿಯವರು:
ತಮ್ಮಾ, ಲೈಸೆನ್ಸ್ ವಿಷಯ ಸಣ್ಣದು ಅನ್ಕೋಬೇಡ. "ಫ್ರೀ" ಅಂತ ಬರೆದ ಪ್ಯಾಕ್ ಸಿಗುತ್ತೆ, ದುಡ್ಡಿನ ಕೆಲಸಕ್ಕೆ ಬಳಸಬಹುದಾ ಅಂತ ಎಲ್ಲೂ ಇರಲ್ಲ. ಅಂಥದ್ದನ್ನ ನಾನು ಮುಟ್ಟಲ್ಲ. ಕ್ರಿಯೇಟಿವ್ ಕಾಮನ್ಸ್ (ಸಿಸಿ) ಅನ್ನೋ ಸಿದ್ಧ ಲೈಸೆನ್ಸ್‌ಗಳಲ್ಲಿ ನಾನ್ ಕಮರ್ಷಿಯಲ್ ಅಂತಿರೋದನ್ನ ಆರಿಸಿದ್ರೆ ಅಂಗಡಿ ಇಟ್ಕೊಂಡಿರೋ ನಮ್ಮಂಥವರಿಗೆ ಬಾಗಿಲು ಹಾಕಿದಂಗೆ. ಸಿಸಿ ಝೀರೋ ಕೊಟ್ರೆ ಯಾವ ಷರತ್ತೂ ಇಲ್ಲ. ಸಿಸಿ ಬೈ ಕೊಟ್ರೆ ಹೆಸರು ಹಾಕಬೇಕು, ಆದ್ರೆ ಬೇರೆಯವರು ಆ ಪ್ಯಾಕನ್ನೇ ಮಾರಿದ್ರೂ ತಡೆಯೋಕಾಗಲ್ಲ. ಅದು ಬೇಡ ಅನಿಸಿದ್ರೆ ನಿನ್ನ ಮಾತಲ್ಲೇ ಸ್ಪಷ್ಟವಾಗಿ ಬರಿ: "ಈ ಬ್ರಷ್‌ನಿಂದ ಮಾಡಿದ ಕೆಲಸ ನಿಮ್ಮದು, ದುಡ್ಡಿಗೂ ಮಾಡಿ. ಬ್ರಷ್ ಫೈಲನ್ನು ಮಾರಬೇಡಿ."

ಇನ್ನೊಂದು. ಅಮ್ಮ ಬರೆದ ರಂಗೋಲಿಗೆ ಅಮ್ಮನ ಒಪ್ಪಿಗೆ ಕೇಳಿ, ಪ್ಯಾಕಲ್ಲಿ ಅವರ ಹೆಸರನ್ನೂ ಹಾಕು. ಕ್ಯಾಲೆಂಡರ್ ದೇವರ ಚಿತ್ರದಿಂದ ಟ್ರೇಸ್ ಮಾಡಿದ ಪ್ರಭಾವಳಿ, ಕಮಲ ಏನಾದ್ರೂ ಇದ್ರೆ ಹೊರಗೆ ತೆಗಿ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತೆ. ಕಲ್ಲಿನ ಟೆಕ್ಸ್ಚರ್‌ಗೆ ನೀನೇ ತೆಗೆದ ಫೋಟೋ ಇದ್ರೆ ಒಳ್ಳೇದು, ನೆಟ್ಟಿಂದ ಇಳಿಸಿದ್ದು ಬೇಡ.

ಶಿರಾದಿಂದ:
ವಾಟ್ಸಾಪಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ. ಪಿಎನ್‌ಜಿಯನ್ನ ಫೋಟೋ ಥರ ಹಾಕಿದ್ರೆ ಕುಗ್ಗಿಸಿಬಿಡುತ್ತೆ, ಪಾರದರ್ಶಕತೆಯೂ ಹೋಗುತ್ತೆ.

ಚಿಂತಾಮಣಿಯಿಂದ:
ಎಲ್ಲರಿಗೂ ತುಂಬ ಧನ್ಯವಾದ. ಅಮ್ಮ ಹೂಂ ಅಂದ್ರು. ಒಂದು ಸಣ್ಣ ಪ್ರಶ್ನೆ, ಬ್ರಷ್ ಹೆಸರು ಕನ್ನಡದಲ್ಲೇ ಇಡಬಹುದಾ?

ತುಮಕೂರಿನಿಂದ, ಲಗ್ನಪತ್ರಿಕೆ ಡಿಸೈನ್ ಮಾಡುವವರು:
ಬ್ರಷ್ ಹೆಸರು ಕನ್ನಡದಲ್ಲಿ ಖಂಡಿತ ಇಡಿ. "ಬ್ರಷ್ 1, ಬ್ರಷ್ 2" ಅಂತಿದ್ರೆ ಹುಡುಕೋಕೆ ಪ್ರಾಣ ಹೋಗುತ್ತೆ. "7ರಿಂದ 4, ಮಧ್ಯ ಚುಕ್ಕಿ, ತಾವರೆ" ಅಂತಿದ್ರೆ ರಂಗೋಲಿ ಗೊತ್ತಿರೋರಿಗೆ ನೋಡದೇನೇ ತಿಳಿಯುತ್ತೆ. ಜಿಪ್ ಒಳಗಿನ ಫೈಲ್ ಹೆಸರನ್ನ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿಡಿ, ಕೆಲವು ಹಳೇ ಕಂಪ್ಯೂಟರಲ್ಲಿ ಬಿಚ್ಚಿದಾಗ ಕನ್ನಡ ಹೆಸರು ಕಲಸಿಹೋಗುತ್ತೆ. ಮಾಹಿತಿ ಬರೆದ ಟೆಕ್ಸ್ಟ್ ಫೈಲನ್ನ ಯೂನಿಕೋಡಲ್ಲೇ ಟೈಪ್ ಮಾಡಿ. ನುಡಿಯ ಹಳೇ ಫಾಂಟಲ್ಲಿ ಟೈಪ್ ಮಾಡಿದ್ರೆ ಆ ಫಾಂಟ್ ಇಲ್ಲದವರಿಗೆ ಒಂದಕ್ಷರವೂ ಓದೋಕಾಗಲ್ಲ. ಜೊತೆಗೆ ಎಲ್ಲ ಬ್ರಷ್‌ಗಳನ್ನ ಒಂದೊಂದು ಸಲ ಒತ್ತಿ, ಕೆಳಗೆ ಹೆಸರು ಬರೆದ ಒಂದು ಮಾದರಿ ಪುಟ ಹಾಕಿ. ಜನ ಮೊದಲು ತೆರೆಯೋದು ಅದನ್ನೇ.

ಗೌರಿಬಿದನೂರಿನಿಂದ, ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುವವರು:
ರೆಡಿ ಆದ ಕೂಡಲೇ ನನಗೊಂದು ಪ್ರತಿ ಕಳಿಸಿ. ಶಾಲೆ ಕಂಪ್ಯೂಟರಲ್ಲಿ ಜಿಂಪ್ 2.10 ಇದೆ, ನನ್ನ ಲ್ಯಾಪ್‌ಟಾಪಲ್ಲಿ 3.0. ಎರಡರಲ್ಲೂ ಹಾಕಿ ನೋಡಿ, ಯಾವುದು ತೆರೀತು ಯಾವುದು ತೆರೀಲಿಲ್ಲ ಅಂತ ಇಲ್ಲೇ ಬರೀತೀನಿ.