ಅಡುಗೆಗೆ ಯಾವುದು ಅಗ್ಗ: ಸಿಲಿಂಡರ್, ಪೈಪ್ ಗ್ಯಾಸ್, ಇಂಡಕ್ಷನ್? (ಮೈಸೂರು)

ಮೊದಲ ಮಹಡಿ, ಕುವೆಂಪುನಗರ:

ಎಲ್ಲರಿಗೂ ನಮಸ್ಕಾರ. ಒಂದು ಲೆಕ್ಕ ಬಗೆಹರಿಯುತ್ತಿಲ್ಲ, ಗೊತ್ತಿರುವವರು ಸ್ವಲ್ಪ ಹೇಳಿ. ನಾವು ಕುವೆಂಪುನಗರದಲ್ಲಿ ಬಾಡಿಗೆಗೆ ಇದ್ದೇವೆ. ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು. ಒಂದು ಸಿಲಿಂಡರ್ 40 ದಿನ ಬರುತ್ತದೆ. ಈಗ 2025ರಲ್ಲಿ ಬೆಲೆ 860ರ ಆಸುಪಾಸು. ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ 118 ಯೂನಿಟ್ ಉಚಿತ ಇದೆ, ತಿಂಗಳಿಗೆ 105ರ ಹತ್ತಿರ ಉರಿಸುತ್ತೇವೆ, ಹಾಗಾಗಿ ಬಿಲ್ ಸೊನ್ನೆ. ಆದರೆ ಬೇಸಿಗೆ ರಜೆಯಲ್ಲಿ ಅತ್ತೆ, ಮಾವ, ನಾದಿನಿ ಮಕ್ಕಳು ಎಲ್ಲ ಬಂದಿದ್ದ ತಿಂಗಳು 207 ಆಗಿಬಿಟ್ಟಿತು, 200 ದಾಟಿದ್ದರಿಂದ ಅಷ್ಟಕ್ಕೂ ದುಡ್ಡು ಕಟ್ಟಿದೆವು. ಅವತ್ತಿನಿಂದ ಮೀಟರ್ ನೋಡಿದರೆ ಎದೆ ಢವಢವ ಅನ್ನುತ್ತದೆ.

ಈಗ ಬೀದಿಯಲ್ಲಿ ಪೈಪ್ ಗ್ಯಾಸ್‌ನವರು ಫಾರಂ ಕೊಟ್ಟು ಹೋಗಿದ್ದಾರೆ. ಯಜಮಾನರು ಅದೆಲ್ಲ ಬೇಡ, ಕರೆಂಟ್ ಫ್ರೀ ಇದೆ, ಪೂರ್ತಿ ಇಂಡಕ್ಷನ್ ಮಾಡೋಣ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಗ್ಯಾಸ್, ಕರೆಂಟ್ ಎರಡಕ್ಕೂ ಯಾವ ಕಂಪನಿ ಅಗ್ಗ ಅಂತ ನೋಡಿ ಆಗಾಗ ಬದಲಾಯಿಸುತ್ತಾಳಂತೆ. ನಮ್ಮಲ್ಲಿ ಹಾಗೆ ಹೋಲಿಸಿ ನೋಡುವುದಕ್ಕೆ ಏನಾದರೂ ದಾರಿ ಇದೆಯಾ? ಒಂದು ಕೆಜಿ ಗ್ಯಾಸಿಗೂ ಒಂದು ಯೂನಿಟ್ ಕರೆಂಟಿಗೂ ಹೇಗೆ ತಾಳೆ ಹಾಕುವುದು?

ಲೆಕ್ಕದ ಮೇಷ್ಟ್ರು, ಸರಸ್ವತಿಪುರಂ:

ಮೇಡಂ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾನು ನಿವೃತ್ತ ಮೇಷ್ಟ್ರು, ಇದನ್ನು ನಮ್ಮ ಮನೆಗೂ ಮಾಡಿ ನೋಡಿದ್ದೇನೆ.

ಮೊದಲು ಇಂಗ್ಲೆಂಡಿನ ವಿಷಯ. ಅಲ್ಲಿ ಬೇರೆ ಬೇರೆ ಕಂಪನಿಗಳು ಒಂದೇ ಮನೆಗೆ ಕರೆಂಟ್, ಗ್ಯಾಸ್ ಮಾರಬಹುದು. ಎರಡರ ಬಿಲ್ಲೂ ಯೂನಿಟ್, ಅಂದರೆ ಕಿಲೋವ್ಯಾಟ್ ಅವರ್‌ನಲ್ಲೇ ಬರುತ್ತದೆ, ಜೊತೆಗೆ ದಿನಕ್ಕಿಷ್ಟು ಅಂತ ನಿಗದಿತ ಶುಲ್ಕ. ಹಾಗಾಗಿ ಹೋಲಿಸುವುದು ಸುಲಭ. ನಮ್ಮಲ್ಲಿ ಕರೆಂಟಿಗೆ ಸರ್ಕಾರಿ ಕಂಪನಿ ಸೆಸ್ಕ್ ಒಂದೇ, ದರ ನಿಗದಿ ಮಾಡುವುದು ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ. ಸಿಲಿಂಡರ್ ಇಂಡೇನ್ ಆಗಲಿ, ಭಾರತ್ ಆಗಲಿ, ಎಚ್‌ಪಿ ಆಗಲಿ ಒಂದೂರಲ್ಲಿ ಒಂದೇ ಬೆಲೆ. ಮೈಸೂರು, ಮಂಡ್ಯ, ಚಾಮರಾಜನಗರ ಮೂರು ಜಿಲ್ಲೆಗೂ ಪೈಪ್ ಗ್ಯಾಸ್ ಅನುಮತಿ ಒಂದೇ ಕಂಪನಿಗೆ. ಅಂದರೆ ನಾವು ಕಂಪನಿ ಹೋಲಿಸುವ ಹಾಗಿಲ್ಲ, ಯಾವುದರಲ್ಲಿ ಬೇಯಿಸಬೇಕು ಅನ್ನುವುದನ್ನಷ್ಟೇ ಹೋಲಿಸಬಹುದು.

ಈಗ ತಾಳೆ. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು 12.8 ಯೂನಿಟ್‌ನಷ್ಟು ಶಾಖ ಬರುತ್ತದೆ. ಅದೆಲ್ಲ ಪಾತ್ರೆಗೆ ಸೇರುವುದಿಲ್ಲ. ಗ್ಯಾಸ್ ಸ್ಟವ್‌ಗೆ ಐಎಸ್‌ಐ ಗುರುತು ಸಿಗಬೇಕಾದರೆ ಕನಿಷ್ಠ 68% ಸೇರಬೇಕು, ನಮ್ಮ ಮನೆಗಳಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ ಅಂತಲೇ ಇಟ್ಟುಕೊಳ್ಳಿ. ಇಂಡಕ್ಷನ್‌ನಲ್ಲಿ 85%ರಷ್ಟು ಸೇರುತ್ತದೆ. ಭಾಗಿಸಿ ಗುಣಿಸಿ ನೋಡಿದರೆ ಒಂದು ಕೆಜಿ ಗ್ಯಾಸ್ ಮಾಡುವ ಕೆಲಸಕ್ಕೆ ಇಂಡಕ್ಷನ್‌ನಲ್ಲಿ ಹತ್ತಿರ ಹತ್ತಿರ 10 ಯೂನಿಟ್ ಬೇಕು. ಇದೊಂದು ನೆನಪಿಟ್ಟುಕೊಳ್ಳಿ ಸಾಕು. ಒಂದು ಕೆಜಿಗೆ 10 ಯೂನಿಟ್, 14.2 ಕೆಜಿ ಸಿಲಿಂಡರ್‌ಗೆ 140 ಯೂನಿಟ್ ಚಿಲ್ಲರೆ.

ನಿಮ್ಮ ಬೆಲೆಗೆ ಒಂದು ಕೆಜಿ ಗ್ಯಾಸ್ 60 ರೂಪಾಯಿ 50 ಪೈಸೆ ಬೀಳುತ್ತದೆ. ಕರೆಂಟ್ 2025-26ರ ದರದಲ್ಲಿ ಯೂನಿಟ್‌ಗೆ 5.80, ಅದರ ಮೇಲೆ 9% ತೆರಿಗೆ, ವಿದ್ಯುತ್ ನೌಕರರ ಪಿಂಚಣಿ ಬಾಬ್ತು ಅಂತ 36 ಪೈಸೆ. ಒಟ್ಟು 6.70ರ ಹತ್ತಿರ. ಹತ್ತು ಯೂನಿಟ್‌ಗೆ 67 ರೂಪಾಯಿ. ದುಡ್ಡು ಕೊಟ್ಟು ಕರೆಂಟ್ ಉರಿಸುವುದಾದರೆ ಸಿಲಿಂಡರೇ ಒಂದು ಕೂದಲೆಳೆ ಅಗ್ಗ. ಸಿಲಿಂಡರ್ ಬೆಲೆ 950 ದಾಟಿದರೆ ಅಥವಾ ಕರೆಂಟ್ ದರ ಇಳಿದರೆ ಉಲ್ಟಾ.

ಆದರೆ ಮೇಡಂ, ನಿಮಗೆ ದರಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ನೀವು ಉರಿಸುವ ಮುಂದಿನ ಯೂನಿಟ್ ಎಲ್ಲಿ ಬೀಳುತ್ತದೆ ಅಂತ ನೋಡಿ. 118ರ ಒಳಗೆ ಬಿದ್ದರೆ ಅದು ಸೊನ್ನೆ. 118ರಿಂದ 200ರ ಮಧ್ಯೆ ಬಿದ್ದರೆ 6.70. 201ನೆಯದು ಬಿದ್ದರೆ? ಉಚಿತ ಇದ್ದ 118 ಯೂನಿಟ್‌ಗೂ ಸೇರಿಸಿ ಕಟ್ಟಬೇಕು. ಅದೊಂದೇ ಯೂನಿಟ್‌ಗೆ ಹತ್ತಿರ 800 ರೂಪಾಯಿ ತೆತ್ತ ಹಾಗೆ, ನಿಗದಿತ ಶುಲ್ಕ ಬೇರೆ. ನಿಮ್ಮ ಬೇಸಿಗೆ ಬಿಲ್‌ನಲ್ಲಿ ಆಗಿದ್ದು ಇದೇ.

ಪೂರ್ತಿ ಇಂಡಕ್ಷನ್ ಮಾಡಿದರೆ ಏನಾಗುತ್ತದೆ ನೋಡಿ. 40 ದಿನಕ್ಕೆ 14.2 ಕೆಜಿ ಅಂದರೆ ತಿಂಗಳಿಗೆ 10.6 ಕೆಜಿ, ಅಂದರೆ 106 ಯೂನಿಟ್. ಈಗಿನ 105ಕ್ಕೆ ಸೇರಿಸಿದರೆ 211. ಪ್ರತಿ ತಿಂಗಳೂ 1,400 ದಾಟುವ ಬಿಲ್. ಈಗ ಗ್ಯಾಸಿಗೆ ತಿಂಗಳಿಗೆ 645 ರೂಪಾಯಿ ಖರ್ಚು ಮಾಡುತ್ತಿದ್ದೀರಿ. ಯಜಮಾನರಿಗೆ ಈ ಎರಡು ಅಂಕಿ ತೋರಿಸಿ.

ನಿಮಗೆ ಈಗ ಉಳಿದಿರುವುದು 13 ಉಚಿತ ಯೂನಿಟ್. ಅದನ್ನು ಇಂಡಕ್ಷನ್‌ಗೆ ಹಾಕಿದರೆ 1.3 ಕೆಜಿ ಗ್ಯಾಸ್, ಸುಮಾರು 80 ರೂಪಾಯಿ ಉಳಿತಾಯ. ಅಷ್ಟಕ್ಕಾಗಿ ಎರಡೂವರೆ ಸಾವಿರದ ಒಲೆ ತರುವುದು ಬೇಡ ಅಂತ ನನ್ನ ಅಭಿಪ್ರಾಯ. ಅಂದ ಹಾಗೆ ಗೀಸರ್ ಕರೆಂಟಿನದಾ?

ಮಂಡ್ಯದವನು:

ಅಕ್ಕಾ, ಮೇಷ್ಟ್ರು ಹೇಳಿದ್ದು ಸರಿ ಇದೆ. ನಾನು ಅನುಭವಿಸಿದ್ದು ಹೇಳುತ್ತೇನೆ. ಮಂಡ್ಯದಲ್ಲಿ ನಮ್ಮ ಬಾಡಿಗೆ ಮನೆಗೆ 2000 ವ್ಯಾಟ್ ಇಂಡಕ್ಷನ್ ತಂದೆ. ಅಡುಗೆ ಕಟ್ಟೆ ಮೇಲೆ ಇದ್ದದ್ದು ಮಿಕ್ಸಿ ಹಾಕುವ 6 ಆಂಪಿಯರ್ ಪ್ಲಗ್ ಒಂದೇ. ಒಲೆ ಎಳೆಯುವುದು ಹತ್ತಿರ ಹತ್ತಿರ 9 ಆಂಪಿಯರ್. ಅಡಾಪ್ಟರ್ ಹಾಕಿ ನಡೆಸುತ್ತಿದ್ದೆವು. ಮೂರನೇ ವಾರ ಸಾರು ಕುದಿಯುತ್ತಿರುವಾಗ ಸುಟ್ಟ ವಾಸನೆ ಬಂತು, ನೋಡಿದರೆ ಪ್ಲಗ್ ಮುಖ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು, ಪಿನ್ನು ಒಳಗೇ ಹಿಡಿದುಕೊಂಡು ಹೊರಗೆ ಬರಲಿಲ್ಲ. ಮೇನ್ ಆಫ್ ಮಾಡಿ ಕೀಳಬೇಕಾಯಿತು. ದಯವಿಟ್ಟು 16 ಆಂಪಿಯರ್ ಪವರ್ ಪ್ಲಗ್ ಇದ್ದರೆ ಮಾತ್ರ ಇಂಡಕ್ಷನ್ ಕಡೆ ಹೋಗಿ. ಮನೆ ಓನರ್ ಕೈಲಿ ಬೇರೆ ವೈರ್ ಎಳೆಸಿಕೊಳ್ಳಿ. ಇನ್ನೊಂದು, ಲೋಡ್ ಜಾಸ್ತಿ ಮಾಡಿಸಬೇಕಾಗಿ ಬಂದರೆ ಕಿಲೋವ್ಯಾಟ್ ಲೆಕ್ಕದಲ್ಲಿ ನಿಗದಿತ ಶುಲ್ಕವೂ ಏರುತ್ತದೆ.

ಮತ್ತೆ ಮುದ್ದೆ. ಗಾಜಿನ ಒಲೆ ಮೇಲೆ ಪಾತ್ರೆ ಇಟ್ಟು ಕೋಲು ಹಾಕಿ ತೊಳಸೋಕೆ ಆಗುವುದಿಲ್ಲ ಅಕ್ಕಾ. ಕೆಳಗಿಳಿಸಿ ಎರಡು ಕಾಲಲ್ಲಿ ಅದುಮಿಕೊಂಡು ತೊಳಸಿ, ಮತ್ತೆ ಮೇಲಿಟ್ಟು ಬೇಯಿಸಬೇಕು. ನಮ್ಮ ಮನೆಯಲ್ಲಿ ದಿನಾ ಮುದ್ದೆ, ಅದಕ್ಕೆ ಗ್ಯಾಸೇ ಗತಿ.

ಊರಲ್ಲಿ ನಮ್ಮವ್ವನದು ಉಜ್ವಲ ಕನೆಕ್ಷನ್. ಸಿಲಿಂಡರ್‌ಗೆ 300 ರೂಪಾಯಿ ಸಬ್ಸಿಡಿ ಖಾತೆಗೆ ಬರುತ್ತದೆ, 2025-26ಕ್ಕೆ 9 ಸಿಲಿಂಡರ್‌ವರೆಗೆ. ಅವರಿಗೆ ಕೆಜಿ 40 ರೂಪಾಯಿಯೂ ಬೀಳುವುದಿಲ್ಲ, ಅಲ್ಲಿ ಬೇರೆ ಲೆಕ್ಕವೇ ಬೇಡ. ಸ್ನಾನಕ್ಕೆ ಬಚ್ಚಲಿನ ಹಂಡೆ ಒಲೆ, ತೆಂಗಿನ ಮಟ್ಟೆ, ಗರಿ. ನೀರಿಗೆ ಕರೆಂಟ್ ಅಂತ ಒಂದು ಪೈಸೆ ಇಲ್ಲ. ಪೇಟೆಯಲ್ಲಿ ನಮ್ಮ ಕರೆಂಟ್ ತಿನ್ನುವುದು ಆ ಸ್ನಾನದ ನೀರೇ.

ಪೈಪ್ ಮನೆ:

ನಮ್ಮ ಅಪಾರ್ಟ್‌ಮೆಂಟಿಗೆ ಪೈಪ್ ಗ್ಯಾಸ್ ಬಂದು ಎರಡು ವರ್ಷ ಆಯಿತು. ಇದರ ಮೀಟರ್ ಅಳೆಯುವುದು ಘನ ಮೀಟರ್ ಲೆಕ್ಕದಲ್ಲಿ, ಅಂದರೆ ಎಸ್‌ಸಿಎಂನಲ್ಲಿ. ಒಂದು ಎಸ್‌ಸಿಎಂ ಅಂದರೆ ಸುಮಾರು ಮುಕ್ಕಾಲು ಕೆಜಿ ಎಲ್‌ಪಿಜಿಗೆ ಸಮ. ಒಂದು ಸಿಲಿಂಡರ್‌ಗೆ 19 ಎಸ್‌ಸಿಎಂ ಅಂತ ಇಟ್ಟುಕೊಳ್ಳಿ. ನಿಮ್ಮ 860ನ್ನು 19ರಿಂದ ಭಾಗಿಸಿದರೆ 45 ರೂಪಾಯಿ. ಫಾರಂ ಕೊಟ್ಟವರ ಹತ್ತಿರ ತೆರಿಗೆ ಸೇರಿಸಿ ಎಸ್‌ಸಿಎಂಗೆ ಎಷ್ಟು ಅಂತ ಕೇಳಿ. 45ಕ್ಕಿಂತ ಕಡಿಮೆ ಇದ್ದರೆ ಪೈಪ್ ಅಗ್ಗ, ಜಾಸ್ತಿ ಇದ್ದರೆ ಸಿಲಿಂಡರ್ ಅಗ್ಗ. ತೆರಿಗೆ ಸೇರಿಸಿ ಅನ್ನುವುದನ್ನು ಒತ್ತಿ ಕೇಳಿ, ಮೊದಲು ನನಗೂ ಬರೀ ಮೂಲ ದರ ಹೇಳಿದ್ದರು.

ಬಾಡಿಗೆ ಮನೆ ಅಂದಿರಲ್ಲ, ಠೇವಣಿ ಯಾರ ಹೆಸರಲ್ಲಿ, ಮನೆ ಬಿಟ್ಟಾಗ ಯಾರಿಗೆ ವಾಪಸ್ ಅನ್ನುವುದನ್ನು ಓನರ್ ಜೊತೆ ಮೊದಲೇ ಮಾತಾಡಿಕೊಳ್ಳಿ. ಸ್ಟವ್ ಹಳೆಯದೇ ಸಾಕು, ಗ್ಯಾಸ್ ಹೊರಬರುವ ಜೆಟ್ ಮಾತ್ರ ಬದಲಾಯಿಸಬೇಕು, ಯಾಕೆಂದರೆ ಪೈಪಿನ ಗ್ಯಾಸಿಗೆ ದೊಡ್ಡ ತೂತು ಬೇಕು. ಅದನ್ನು ಅವರ ಕಡೆಯವರೇ ಮಾಡಲಿ. ನಮ್ಮಲ್ಲಿ ಯಾರೋ ಪರಿಚಯದವರ ಕೈಲಿ ಮಾಡಿಸಿದ್ದರಿಂದ ಉರಿ ಹಳದಿಯಾಗಿ ಪಾತ್ರೆ ತಳವೆಲ್ಲ ಮಸಿ ಹಿಡಿದು, ಮತ್ತೆ ಬಿಚ್ಚಿ ಹಾಕಿಸಿದೆವು.

ನನಗೆ ಇಷ್ಟ ಆಗಿದ್ದು ಬೆಲೆಗಿಂತ ನೆಮ್ಮದಿ. ಹಬ್ಬದ ದಿನ ಒಬ್ಬಟ್ಟು ತಟ್ಟುವಾಗ ಸಿಲಿಂಡರ್ ಮುಗಿಯಿತು ಅನ್ನುವ ಮಾತಿಲ್ಲ.

ಲೆಕ್ಕದ ಮೇಷ್ಟ್ರು, ಸರಸ್ವತಿಪುರಂ:

ಮಂಡ್ಯದವರು ಸರಿಯಾದ ಜಾಗಕ್ಕೇ ಬಂದರು. 20 ಲೀಟರ್ ಬಕೆಟ್ ನೀರನ್ನು 22 ಡಿಗ್ರಿಯಿಂದ 42ಕ್ಕೆ ಕಾಯಿಸಲು ಅರ್ಧ ಯೂನಿಟ್‌ಗೆ ಸ್ವಲ್ಪ ಕಡಿಮೆ ಬೇಕು. ನಾಲ್ಕು ಜನಕ್ಕೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ಮೇಡಂ, ನಿಮ್ಮ 105ರಲ್ಲಿ ಅರ್ಧಕ್ಕಿಂತ ಹೆಚ್ಚು ಬಚ್ಚಲಿಗೇ ಹೋಗುತ್ತಿರಬಹುದು. ಸ್ವಿಚ್ ಹಾಕಿ ಮರೆತರೆ ಇನ್ನೂ ಜಾಸ್ತಿ. ಹತ್ತು ದಿನ ಬರೆದಿಟ್ಟು ನೋಡಿ.

ಹಾಗಂತ ಗ್ಯಾಸ್ ಗೀಸರ್ ಕಡೆ ಮಾತ್ರ ಯೋಚನೆ ಮಾಡಬೇಡಿ. ಲೆಕ್ಕದಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಆದರೆ ಮುಚ್ಚಿದ ಬಚ್ಚಲಲ್ಲಿ ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಳಗಿದ್ದವರಿಗೆ ಗೊತ್ತಾಗುವ ಹೊತ್ತಿಗೆ ಕೈಕಾಲು ಆಡುವುದಿಲ್ಲ. ಮಕ್ಕಳಿರುವ ಮನೆ.

ಮೊದಲ ಮಹಡಿ, ಕುವೆಂಪುನಗರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಪ್ಪತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಯಾಕೆಂದರೆ ಮೇಷ್ಟ್ರು ಹೇಳಿದ ಹಾಗೆ ಅಳೆದು ನೋಡಿದೆವು.

ಗ್ಯಾಸ್: ಎದುರುಮನೆಯವರ ಅಂಗಡಿಯಿಂದ ತೂಕದ ಮೆಷಿನ್ ತಂದು ಸಿಲಿಂಡರ್ ಇಟ್ಟೆವು. ಮೊದಲ ದಿನ 27.4 ಕೆಜಿ. ಹತ್ತು ದಿನ ಬಿಟ್ಟು 23.9. ಮೂರೂವರೆ ಕೆಜಿ, ನಿಮ್ಮ ಲೆಕ್ಕಕ್ಕೆ ಸರಿಯಾಗಿ ಬಂತು. ಸಿಲಿಂಡರ್ ಕತ್ತಿನ ಹತ್ತಿರ ಖಾಲಿ ತೂಕ 15.9 ಅಂತ ಬರೆದಿದೆ, ಇಷ್ಟು ವರ್ಷ ಅದನ್ನು ನೋಡಿಯೇ ಇರಲಿಲ್ಲ. ಈಗ ಎಷ್ಟು ಉಳಿದಿದೆ ಅಂತ ಅಲ್ಲಾಡಿಸಿ ನೋಡುವ ಕೆಲಸ ಇಲ್ಲ.

ಕರೆಂಟ್: ಇದು ನಿಜವಾಗಿ ಕಣ್ಣು ತೆರೆಸಿತು. ಮೊದಲ ಹತ್ತು ದಿನ ಎಂದಿನ ಹಾಗೆ ಇದ್ದೆವು, ದಿನಕ್ಕೆ ಮೂರೂವರೆ ಯೂನಿಟ್. ಆಮೇಲೆ ಗೀಸರ್ ಸ್ವಿಚ್ ನಾನೇ ಹಾಕಿ ನಾನೇ ತೆಗೆದೆ. ಬೆಳಿಗ್ಗೆ ಒಂದರ ಹಿಂದೆ ಒಂದರಂತೆ ನಾಲ್ಕೂ ಸ್ನಾನ ಮುಗಿಸಿ ಆಫ್. ಮೊದಲು ದೊಡ್ಡ ಮಗ ಆರೂವರೆಗೆ, ಇವರು ಒಂಬತ್ತಕ್ಕೆ, ಅಲ್ಲಿಯವರೆಗೂ ಕೆಂಪು ದೀಪ ಉರಿಯುತ್ತಲೇ ಇರುತ್ತಿತ್ತು. ಈಗ ದಿನಕ್ಕೆ 2.7. ತಿಂಗಳಿಗೆ 24 ಯೂನಿಟ್ ಉಳಿಯುತ್ತದೆ.

ಮೇಷ್ಟ್ರೇ, ಹಾಗಾದರೆ ಉಚಿತದಲ್ಲಿ ನನಗೆ 13 ಅಲ್ಲ, 37 ಯೂನಿಟ್ ಉಳಿದ ಹಾಗಾಯಿತು. 3.7 ಕೆಜಿ ಗ್ಯಾಸ್, ತಿಂಗಳಿಗೆ 220 ರೂಪಾಯಿ ಚಿಲ್ಲರೆ. ಈಗ ಒಲೆ ತಂದರೆ ವರ್ಷದೊಳಗೆ ದುಡ್ಡು ಹುಟ್ಟುತ್ತದೆ, ಸರೀನಾ?

ಲೆಕ್ಕದ ಮೇಷ್ಟ್ರು, ಸರಸ್ವತಿಪುರಂ:

ಸರಿ ಮೇಡಂ, ನೂರಕ್ಕೆ ನೂರು ಸರಿ. ನನ್ನ ಮಾತು ವಾಪಸ್ ತಗೋತೀನಿ. ಆದರೆ ಹಾಲು, ಕಾಫಿ, ಅನ್ನ ಇಷ್ಟಕ್ಕೆ ಮಾತ್ರ ಇಂಡಕ್ಷನ್ ಇಡಿ. ವಾರಕ್ಕೆ 27 ಯೂನಿಟ್ ನಿಮ್ಮ ಮಿತಿ. ಭಾನುವಾರ ಮೀಟರ್ ನೋಡಿ ಬರೆದಿಡಿ, ಜಾಸ್ತಿ ಆಗಿದ್ದರೆ ಆ ವಾರ ಒಲೆ ಮೂಲೆಗೆ. ನೆಂಟರು ಬಂದ ತಿಂಗಳು ಮುಟ್ಟಲೇಬೇಡಿ. ತರುವ ಮುಂಚೆ ಪಾತ್ರೆ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಮಾತ್ರ ಇಂಡಕ್ಷನ್‌ನಲ್ಲಿ ಕಾಯುತ್ತದೆ.

ಮೊದಲ ಮಹಡಿ, ಕುವೆಂಪುನಗರ:

ಈಗ ತಾನೇ ಫ್ರಿಜ್ ಮೇಲಿದ್ದ ಗೊಂಬೆ ಅಯಸ್ಕಾಂತ ತೆಗೆದು ಎಲ್ಲದಕ್ಕೂ ಹಿಡಿದೆ. ಹಾಲಿನ ಪಾತ್ರೆ, ಒಂದು ಸ್ಟೀಲ್ ಬಾಣಲೆ, ಎರಡಕ್ಕೇ ಅಂಟಿತು. ಕುಕ್ಕರ್‌ಗೆ ಅಂಟಲಿಲ್ಲ, ಅದು ಅಲ್ಯೂಮಿನಿಯಂ. ಸದ್ಯ ಅನ್ನ ಗ್ಯಾಸಲ್ಲೇ ಇರಲಿ, ಹಾಲು ಕಾಫಿ ಇಂಡಕ್ಷನ್‌ನಲ್ಲಿ. ಪವರ್ ಪ್ಲಗ್‌ಗೆ ಓನರ್ ಅಂಕಲ್ ಒಪ್ಪಿದ್ದಾರೆ, ಎಲೆಕ್ಟ್ರಿಷಿಯನ್ ಭಾನುವಾರ ಬರುತ್ತಾರೆ. ಪೈಪಿನವರ ಹತ್ತಿರ ತೆರಿಗೆ ಸೇರಿದ ದರ ಕೇಳಿದ್ದೇನೆ. ಅವರು ಹೇಳಿದ ಮೇಲೆ 45ರ ಪಕ್ಕ ಇಟ್ಟು ನೋಡುತ್ತೇನೆ.